ಅಮರಾಪುರದ ಕಲ್ಲು

ಮೂರು ದಿಕ್ಕುಗಳಲ್ಲಿ ಕರ್ನಾಟಕವನ್ನೂ ಒಂದೇ ದಿಕ್ಕಿನಲ್ಲಿ ತನ್ನ ರಾಜ್ಯವನ್ನೂ ನೆರೆಯಾಗಿ ಪಡೆದಿರುವ ಮಡಕಶಿರಾ ಸೀಮೆಯಲ್ಲಿ, ಅನಂತಪುರಕ್ಕಿಂತ ಶಿರಾ ಹಿರಿಯೂರುಗಳಿಗೇ ಹೆಚ್ಚು ಹತ್ತಿರವಾದ ಅಮರಾಪುರದಲ್ಲಿ ಹುಟ್ಟಿದವನಿಗೆ, ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಜಗಳದಲ್ಲಿ ಎರಡೂ ಎಂಬ ಬಾಳುವೆ ಎಷ್ಟು ಸಹಜವೋ, ಎಲ್ಲಿ ಅಗೆದರೂ ಕೊನೆಗೆ ಗುದ್ದಲಿಗೆ ಕಲ್ಲು ತಗಲಿಯೇ ತೀರುವುದೆಂಬ ಅರಿವೂ ಅಷ್ಟೇ ಸಹಜವಾಗಿರುತ್ತದೆ. ಅನಂತಪುರ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸರಾಸರಿ 550 ಮಿಲಿಮೀಟರಿನ ಆಸುಪಾಸು. ಅದೂ ಬರಬೇಕಾದ ಹೊತ್ತಿಗೆ ಬಂದರೆ ಬಂದಂತೆ. ಇಂಥ ನೆಲದಲ್ಲಿ ಅಡಿಕೆಯ ತೋಟ ಮಾಡುವೆನೆಂದು ಹೊರಡುವುದು ಒಂದು ಬಗೆಯ ಹಟವೆಂದೇ ಹೇಳಬೇಕು. ಆ ಹಟ ನಮ್ಮವರಲ್ಲಿ ತಲೆಮಾರುಗಳಿಂದಲೂ ಇದ್ದಿತು. ಆದುದರಿಂದ ನೀರನ್ನು ಕುರಿತ ಮಾತು ನಮ್ಮ ಮನೆಗಳಲ್ಲಿ ಊಟದ ಮಾತಿನಷ್ಟೇ ನಿತ್ಯದ ಮಾತಾಗಿದ್ದಿತು.

ನನ್ನ ಬಾಲ್ಯದಲ್ಲಿ ಕೊಳವೆ ಬಾವಿಯೆಂಬುದನ್ನು ಯಾರೂ ಕಂಡಿರಲಿಲ್ಲ. ತೆರೆದ ಬಾವಿ, ಅದರ ಮೇಲೆ ಕಪಿಲೆ, ಇಳಿಜಾರಿನಲ್ಲಿ ಹಿಂದಕ್ಕೂ ಮುಂದಕ್ಕೂ ನಡೆಯುವ ಎತ್ತಿನ ಜೋಡಿ, ಇದು ತೋಟದ ನೀರಾವರಿ. ಸುವರ್ಣಮುಖಿಯ ಮರಳಿನಲ್ಲಿ ತೋಡಿ ಕಾಲುವೆಗೆ ಹರಿಯಬಿಡುವ ತಲಪರಿಗೆ, ಇದು ಪುಣ್ಯವಂತರ ನೀರಾವರಿ. ನನ್ನ ಸೋದರಮಾವನವರು ಬಾವಿಯನ್ನು ಆಳಮಾಡಿಸುವ ಬೇಸಗೆಗಳಲ್ಲಿ ನಾನು ದಡದಲ್ಲಿ ಕುಳಿತು, ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಗರಸು, ಗರಸಿನ ಕೆಳಗೆ ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಕೊಳೆತ ಕಲ್ಲು, ಅದಕ್ಕೂ ಕೆಳಗೆ ಉಳಿಯ ಏಟಿಗೆ ಕಿಡಿ ಹಾರಿಸುವ ಹಾಸುಬಂಡೆ ಎಂಬ ಕ್ರಮವನ್ನು, ಅದಕ್ಕೆ ಶಾಸ್ತ್ರದಲ್ಲಿ ಒಂದು ಹೆಸರಿದೆಯೆಂದು ತಿಳಿಯುವುದಕ್ಕೆ ಬಹಳ ಮುಂಚೆಯೇ, ಕಣ್ಣಿನಿಂದ ಕಲಿತುಕೊಂಡಿದ್ದೆನು. ಒಡ್ಡರ ಮೇಸ್ತ್ರಿಯು ಹಾಸುಬಂಡೆ ಬಂದೊಡನೆ ಸಾಮಾನ್ಯವಾಗಿ ಕೈತೊಳೆದುಕೊಳ್ಳುತ್ತಿದ್ದನು. ಸೆಲೆಯೊಂದು ಬಂಡೆಯ ಸೀಳಿನಿಂದ ಜಿನುಗುತ್ತಿದ್ದರೆ ಮಾತ್ರ ಮದ್ದಿಟ್ಟು ಸಿಡಿಸಿ ಅದರ ಬೆನ್ನುಹತ್ತುತ್ತಿದ್ದನು. ಅವನ ಆ ನಡವಳಿಕೆಯಲ್ಲಿ ಎಷ್ಟು ಜಲವಿಜ್ಞಾನ ಅಡಗಿದ್ದಿತೆಂಬುದನ್ನು ನಾನು ಅರಿಯಲು ಮುಂದೆ ಎಷ್ಟೋ ವರ್ಷಗಳ ಓದೂ, ಅದಕ್ಕಿಂತ ಹೆಚ್ಚಾಗಿ ಒಂದು ಪ್ರಯೋಗಶಾಲೆಯ ಸಹವಾಸವೂ ಬೇಕಾದವು.

ಬೆಂಗಳೂರಿನಲ್ಲಿ ಭೂವಿಜ್ಞಾನವನ್ನು ಓದಿದ ಮೇಲೆ ಹೈದರಾಬಾದಿನಲ್ಲಿ ನನಗೆ ಸಿಕ್ಕ ಕೆಲಸ, ಕಲ್ಲಿನ ಭೌತಗುಣಗಳನ್ನು ಅಳೆಯುವುದು. ಕಲ್ಲಿನ ಒಟ್ಟು ಗಾತ್ರದಲ್ಲಿ ಬರಿದಾದ ಎಡೆ ಶೇಕಡಾ ಎಷ್ಟು ಎಂಬುದು ಸರಂಧ್ರತೆ. ಆ ಎಡೆಗಳು ಒಂದರೊಡನೊಂದು ಕೂಡಿಕೊಂಡು ದ್ರವಕ್ಕೆ ದಾರಿ ಬಿಡುವ ಗುಣ ಪಾರಗಮ್ಯತೆ. ಎಣ್ಣೆಯ ಬಾವಿಗಳವರು ತರುವ ಮರಳುಗಲ್ಲುಗಳಲ್ಲಿ ಈ ಎರಡನ್ನೂ ಅಳೆಯುವುದು ಕಷ್ಟವಲ್ಲ. ಅಂಥ ಕಲ್ಲಿನ ಐದನೆಯ ಒಂದು ಪಾಲು ಬಯಲಾಗಿರುವುದೂ ಉಂಟು. ಆದರೆ ದಕ್ಷಿಣ ಭಾರತದ ಬಹುಭಾಗಕ್ಕೆ ಅಡಿಪಾಯವಾದ, ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದಿನ ನಮ್ಮ ಗ್ರಾನೈಟು ಮತ್ತು ನೈಸ್ ಶಿಲೆಗಳಲ್ಲಿ ಆ ಪಾಲು ಶೇಕಡಾ ಒಂದಕ್ಕೂ ಕಡಮೆ. ಇಲ್ಲವೆನ್ನುವಷ್ಟು ಕಡಮೆಯಿರುವುದನ್ನು ಇಲ್ಲವೆನ್ನದೆ ಎಷ್ಟೆಂದು ಹೇಳುವುದೇ ನಮ್ಮ ಕಸುಬಿನ ಕಷ್ಟ.

ಆ ಕಷ್ಟದ ಸ್ವರೂಪವನ್ನು ಓದುಗರು ಸ್ವಲ್ಪ ಸಾವಧಾನದಿಂದ ಕೇಳಬೇಕು. ವಜ್ರದ ಹಲ್ಲುಳ್ಳ ಕೊಳವೆಯಿಂದ ಕಲ್ಲನ್ನು ಕೊರೆದು ಒಂದೂವರೆ ಅಂಗುಲ ಅಡ್ಡಗಲದ, ಐದು ಸೆಂಟಿಮೀಟರ್ ಉದ್ದದ ಗುಂಡುತುಂಡೊಂದನ್ನು ತೆಗೆದರೆ ಅದರ ಗಾತ್ರ ಸುಮಾರು 57 ಘನ ಸೆಂಟಿಮೀಟರು, ತೂಕ 150 ಗ್ರಾಮು. ಅದನ್ನು 105 ಡಿಗ್ರಿಯ ಓವನ್ನಿನಲ್ಲಿ ತೂಕ ಇನ್ನು ಇಳಿಯದೆಂಬವರೆಗೆ ಒಣಗಿಸಿ, ತೇವ ತಗಲದಂತೆ ಡೆಸಿಕೇಟರಿನಲ್ಲಿ ತಣಿಸಿ, ತೂಗಿ, ಅನಂತರ ಗಾಜಿನ ಪಾತ್ರೆಯಲ್ಲಿಟ್ಟು ವ್ಯಾಕ್ಯೂಮ್ ಪಂಪಿನಿಂದ ಗಾಳಿಯನ್ನೆಲ್ಲ ಹೊರಗೆಳೆದು, ಆ ಶೂನ್ಯದೊಳಕ್ಕೆ ಭಟ್ಟಿಯಿಳಿಸಿದ ನೀರನ್ನು ಬಿಟ್ಟು, ಕಲ್ಲು ತನ್ನ ಶಕ್ತ್ಯನುಸಾರ ಕುಡಿಯಲೆಂದು ಕಾದು, ಹೊರತೆಗೆದು ಮತ್ತೆ ತೂಗಬೇಕು. ಸರಂಧ್ರತೆ ಶೇಕಡಾ ಅರ್ಧವಾಗಿದ್ದರೆ ಈ ಎಲ್ಲ ಉಪಚಾರದ ಫಲ 0.28 ಗ್ರಾಮಿನ ಹೆಚ್ಚಳ. ಇನ್ನು ಹೊರತೆಗೆದ ಕಲ್ಲಿನ ಮೈಮೇಲೆ ಮಿಲಿಮೀಟರಿನ ನೂರನೆಯ ಒಂದು ಪಾಲು ದಪ್ಪದ ನೀರಿನ ಪೊರೆ ಉಳಿದರೂ ಅದರ ತೂಕವೇ 0.08 ಗ್ರಾಮು, ಎಂದರೆ ಉತ್ತರದಲ್ಲಿ ಶೇಕಡಾ 30ರಷ್ಟು ಸುಳ್ಳು. ಅತಿಯಾಗಿ ಒರಸಿದರೆ ರಂಧ್ರದ ಬಾಯೊಳಗಿನ ನೀರೂ ಬಟ್ಟೆಗೆ ಹೋಗಿ ಸುಳ್ಳು ಇನ್ನೊಂದು ಕಡೆಗೆ ವಾಲುತ್ತದೆ. ನಮ್ಮ ಪ್ರಯೋಗಶಾಲೆಯ ಹಿರಿಯ ಸಹಾಯಕರೊಬ್ಬರು, ಪದವಿಯ ಹೆಸರಿನಲ್ಲಿ ನಮ್ಮೆಲ್ಲರಿಗಿಂತ ಕೆಳಗಿನವರು, ಒದ್ದೆ ಬಟ್ಟೆಯಲ್ಲಿ ಆ ತುಂಡನ್ನು ವೀಳ್ಯದೆಲೆಯನ್ನು ಒರಸುವಂತೆ ಒಂದೇ ಸಲ ಹೊರಳಿಸಿ ತಕ್ಕಡಿಗಿಡುತ್ತಿದ್ದರು. ಅವರು ಮತ್ತೆ ಮತ್ತೆ ತೂಗಿದ ಅಂಕಿಗಳು ಒಂದಕ್ಕೊಂದು ಹೊಂದುತ್ತಿದ್ದವು, ಡಾಕ್ಟರೇಟ್ ಪಡೆದವರ ಅಂಕಿಗಳು ಹೊಂದುತ್ತಿರಲಿಲ್ಲ. ವಿಜ್ಞಾನದ ಪ್ರಬಂಧಗಳಲ್ಲಿ ಇಂಥ ಕೈಗಳಿಗೆ ಒಂದು ಸಾಲಿನ ಕೃತಜ್ಞತೆಯೂ ಅಪರೂಪವೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ನೀರಿಗೆ ಬದಲಾಗಿ ಹೀಲಿಯಂ ಅನಿಲವನ್ನು ಬಳಸುವ ವಿಧಾನವೂ ಉಂಟು. ರಾಬರ್ಟ್ ಬಾಯಲನು 1662ರಲ್ಲಿ ಪ್ರಕಟಿಸಿದ ನಿಯಮವೇ ಅದಕ್ಕೆ ಆಧಾರ: ಗಾತ್ರ ತಿಳಿದ ಕೋಣೆಯೊಂದರಲ್ಲಿ ಒತ್ತಡ ತಿಳಿದ ಅನಿಲವನ್ನಿಟ್ಟು, ಕಲ್ಲಿರುವ ಕೋಣೆಗೆ ಅದನ್ನು ತೆರೆದುಬಿಟ್ಟರೆ, ಒತ್ತಡ ಎಷ್ಟು ಇಳಿಯಿತೆಂಬುದರಿಂದ ಅನಿಲಕ್ಕೆ ದೊರೆತ ಎಡೆಯನ್ನೂ, ಅದರಿಂದ ಕಲ್ಲಿನ ಘನಭಾಗವನ್ನೂ ಲೆಕ್ಕಹಾಕಬಹುದು. ಹೀಲಿಯಮ್ಮಿನ ಪರಮಾಣು ಅತಿಸೂಕ್ಷ್ಮವಾದುದರಿಂದ ನೀರು ಹೋಗಲಾರದ ಸಂದಿಗೂ ಅದು ನುಸುಳುತ್ತದೆ, ಕಲ್ಲಿನ ಗೋಡೆಗೆ ಅಂಟಿಕೊಳ್ಳುವುದೂ ಇಲ್ಲ. ಆದರೆ ಕೋಣೆಯ ಉಷ್ಣತೆ ಒಂದೇ ಒಂದು ಡಿಗ್ರಿ ಏರಿದರೆ ಅನಿಲದ ಒತ್ತಡ ಮುನ್ನೂರರಲ್ಲಿ ಒಂದು ಪಾಲು ಏರುತ್ತದೆ. ನಾವು ಹುಡುಕುವ ಸರಂಧ್ರತೆಯೇ ಇನ್ನೂರರಲ್ಲಿ ಒಂದು ಪಾಲು! ಹೀಗಾಗಿ ಹೈದರಾಬಾದಿನ ಮೇ ತಿಂಗಳ ರಾತ್ರಿಗಳಲ್ಲಿ, ಕಿಟಕಿಗಳನ್ನು ಮುಚ್ಚಿ, ಫ್ಯಾನನ್ನು ನಿಲ್ಲಿಸಿ, ಉಸಿರಿನ ಬಿಸಿಯೂ ತಗಲದಂತೆ ದೂರದಲ್ಲಿ ಕುಳಿತು, ಬೆವರುತ್ತ ಗೇಜಿನ ಮುಳ್ಳನ್ನು ನೋಡುವುದು ನಮ್ಮ ತಪಸ್ಸಾಗಿದ್ದಿತು. ಮುಳ್ಳು ನಿಂತಂತೆ ಕಂಡರೂ ನಿಂತಿರುವುದಿಲ್ಲ. ಬಿಗಿಗಲ್ಲಿನ ಒಳರಂಧ್ರಗಳಿಗೆ ಅನಿಲ ತಲಪುವುದು ನಿಧಾನ. ತಾಳ್ಮೆಗೆಟ್ಟು ಬೇಗ ಓದಿಕೊಂಡವನಿಗೆ ಕಲ್ಲು ತನ್ನಲ್ಲಿರುವುದಕ್ಕಿಂತ ಕಡಮೆಯನ್ನೇ ತೋರಿಸಿ ಕಳುಹಿಸುತ್ತದೆ.

ಪಾರಗಮ್ಯತೆಯ ಕಥೆ ಇದಕ್ಕೂ ಕಠಿನ. 1856ರಲ್ಲಿ ಫ್ರಾನ್ಸಿನ ದಿಜೋನ್ ನಗರದ ನೀರು ಸರಬರಾಜನ್ನು ಕುರಿತ ತನ್ನ ಗ್ರಂಥದಲ್ಲಿ ಹೆನ್ರಿ ಡಾರ್ಸಿ ಎಂಬ ಇಂಜಿನಿಯರನು, ಮರಳಿನ ಮೂಲಕ ಹಾಯುವ ನೀರಿನ ಪ್ರಮಾಣವು ಒತ್ತಡದ ಇಳಿತಕ್ಕೆ ಅನುಗುಣವಾಗಿರುವುದೆಂಬುದನ್ನು ಸ್ಥಾಪಿಸಿದನು. ಅವನ ಹೆಸರೇ ಇಂದು ಅಳತೆಯ ಮಾನವಾಗಿದೆ. ಅವನು ಮರಳಿನಲ್ಲಿ ಮಾಡಿದಂತೆ ನಾವು ಗ್ರಾನೈಟಿನಲ್ಲಿ ಮಾಡುವೆವೆಂದು ಹೊರಟರೆ, ಆಚೆಯ ತುದಿಯಲ್ಲಿ ಹನಿಯೊಂದು ತೊಟ್ಟಿಕ್ಕುವಷ್ಟರಲ್ಲಿ ನಿವೃತ್ತಿಯ ಆಜ್ಞೆ ಕೈಗೆ ಬಂದಿರುತ್ತದೆ. ಅನಿಲವನ್ನು ಹಾಯಿಸಿದರೆ ಬೇಗನೆ ಹಾಯುತ್ತದೆ, ಆದರೆ ಬೇರೊಂದು ಮೋಸ ಮಾಡುತ್ತದೆ: ಇಕ್ಕಟ್ಟಾದ ದಾರಿಯಲ್ಲಿ ಅನಿಲದ ಕಣಗಳು ಗೋಡೆಯ ಗುಂಟ ಜಾರುವುದರಿಂದ ಕಲ್ಲು ನಿಜಕ್ಕಿಂತ ಹೆಚ್ಚು ಉದಾರವಾಗಿ ಕಾಣುತ್ತದೆ. 1941ರಲ್ಲಿ ಕ್ಲಿಂಕೆನ್‌ಬರ್ಗ್ ಇದನ್ನು ವಿವರಿಸಿ, ಬೇರೆ ಬೇರೆ ಒತ್ತಡಗಳಲ್ಲಿ ಅಳೆದು, ಒತ್ತಡ ಅನಂತವಾದಾಗಿನ ಬೆಲೆಯನ್ನು ರೇಖೆಯೆಳೆದು ಊಹಿಸುವ ತಿದ್ದುಪಡಿಯನ್ನು ಕೊಟ್ಟನು. ಇದಲ್ಲದೆ ಕಲ್ಲಿಗೆ ತೊಡಿಸಿದ ರಬ್ಬರಿನ ಅಂಗಿಗೂ ಕಲ್ಲಿಗೂ ನಡುವೆ ಅನಿಲ ಕಳ್ಳದಾರಿ ಹಿಡಿಯುವುದುಂಟು. ಅದನ್ನು ಹಿಡಿಯಲು ಕಲ್ಲಿನ ಜಾಗದಲ್ಲಿ ಅದೇ ಅಳತೆಯ ಉಕ್ಕಿನ ತುಂಡನ್ನಿಟ್ಟು ಮೊದಲು ಅಳೆಯುವುದು ವಾಡಿಕೆ. ಉಕ್ಕಿಗೂ ಪಾರಗಮ್ಯತೆಯಿದೆಯೆಂದು ಯಂತ್ರ ಹೇಳಿತೆಂದರೆ ಅಂದಿನ ಕೆಲಸ ಮುಗಿದಂತೆಯೇ. ನಟ್ಟು ಬಿಚ್ಚಿ ಮೊದಲಿನಿಂದ ಆರಂಭಿಸಬೇಕು.

ಈ ದುರವಸ್ಥೆಯಿಂದ ಬಿಡುಗಡೆಯ ಮಾರ್ಗವನ್ನು ತೋರಿಸಿದ್ದು 1968ರಲ್ಲಿ ಅಮೆರಿಕದ ಎಂಐಟಿಯಿಂದ ಹೊರಬಂದ, ಬ್ರೇಸ್, ವಾಲ್ಷ್, ಫ್ರಾಂಗೋಸ್ ಎಂಬ ಮೂವರ ಲೇಖನ. ಹರಿವನ್ನು ಅಳೆಯುವ ಗೋಜಿಗೇ ಹೋಗದೆ, ಕಲ್ಲಿನ ಎರಡು ತುದಿಗಳಲ್ಲಿ ಎರಡು ಸಣ್ಣ ಕೋಣೆಗಳನ್ನು ಒಂದೇ ಒತ್ತಡದಲ್ಲಿಟ್ಟು, ಒಂದು ಕಡೆಯ ಒತ್ತಡವನ್ನು ಥಟ್ಟನೆ ಕೊಂಚ ಏರಿಸಿ, ಆ ಏರಿಕೆ ಎಷ್ಟು ಹೊತ್ತಿನಲ್ಲಿ ಕರಗುತ್ತದೆಂಬುದನ್ನು ನೋಡುವುದು ಅವರ ಉಪಾಯ. ಹರಿವು ಅಲ್ಪವಾದಷ್ಟೂ ಅಳೆಯುವುದು ಅಸಾಧ್ಯವಾಗುತ್ತಿದ್ದ ಕಡೆ, ಕಾಲವನ್ನು ಅಳೆಯುವುದು ಸದಾ ಸಾಧ್ಯ. ವೆಸ್ಟರ್ಲಿ ಎಂಬ ಗ್ರಾನೈಟಿನ ಪಾರಗಮ್ಯತೆ 100 ಬಾರ್ ಒತ್ತಡದಲ್ಲಿ 350 ನ್ಯಾನೋಡಾರ್ಸಿಯೆಂದೂ, 4000 ಬಾರ್ ಒತ್ತಡದಲ್ಲಿ 4 ನ್ಯಾನೋಡಾರ್ಸಿಗೆ ಇಳಿಯುವುದೆಂದೂ ಅವರು ತೋರಿಸಿದರು. ನ್ಯಾನೋಡಾರ್ಸಿಯೆಂದರೆ ಡಾರ್ಸಿಯ ನೂರು ಕೋಟಿಯ ಒಂದು ಪಾಲು. ಒತ್ತಡ ಹೆಚ್ಚಿದಂತೆ ಬೆಲೆ ಇಳಿಯುವುದಕ್ಕೆ ಕಾರಣ, ಗ್ರಾನೈಟಿನೊಳಗಿನ ದಾರಿಗಳು ಗುಂಡಾದ ರಂಧ್ರಗಳಲ್ಲ, ಹರಳು ಹರಳಿನ ನಡುವಿನ ಕೂದಲಿಗಿಂತ ತೆಳುವಾದ ಬಿರುಕುಗಳು. ಭಾರ ಬಿದ್ದೊಡನೆ ಅವು ಮುಚ್ಚಿಕೊಳ್ಳುತ್ತವೆ. ಆಳದಿಂದ ಮೇಲಕ್ಕೆ ತಂದ ಕಲ್ಲು ಭಾರವಿಳಿದು ಬಿಚ್ಚಿಕೊಂಡಿರುತ್ತದಾದುದರಿಂದ, ಮೇಜಿನ ಮೇಲೆ ಹಾಗೆಯೇ ಅಳೆದ ಬೆಲೆ ಭೂಗರ್ಭದ ಬೆಲೆಗಿಂತ ಹೆಚ್ಚೇ ಆಗಿರುವುದು ಸಹಜ. ಈ ಒಂದು ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದರಿಂದ ಕೆಲಸವಿದೆ.

ರಜೆಯಲ್ಲಿ ಊರಿಗೆ ಹೋದಾಗಲೆಲ್ಲ ಕಲ್ಲು ತರುವುದು ನನಗೆ ಚಟವಾಗಿದ್ದಿತು. ಬಾವಿಯ ಮಗ್ಗುಲಲ್ಲಿ ರಾಶಿಬಿದ್ದ ನೈಸ್ ಚೂರುಗಳು, ನಮ್ಮ ಸೀಮೆಯ ಗ್ರಾನೈಟನ್ನು ಗೋಡೆಯಂತೆ ಸೀಳಿಕೊಂಡು ನಿಂತಿರುವ ಡೈಕುಗಳ ಕರಿಕಲ್ಲು, ಇವುಗಳಿಂದ ತುಂಬಿದ ಕೈಚೀಲವನ್ನು ಬಸ್ಸಿನ ಕಂಡಕ್ಟರರು ಎಂದೂ ಸಂಶಯವಿಲ್ಲದೆ ನೋಡಿದವರಲ್ಲ. ನಮ್ಮೂರ ನೆರೆಯ ಹೇಮಾವತಿ, ಒಂಬತ್ತು ಹತ್ತನೆಯ ಶತಮಾನಗಳಲ್ಲಿ ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ಅಲ್ಲಿಯ ದೇವಾಲಯಗಳ ಕರಿಕಲ್ಲಿನ ಕಂಬಗಳ ನುಣುಪು ಇಂದಿಗೂ ಬೆರಳಿಗೆ ತಂಪಾಗಿ ತಗಲುತ್ತದೆ. ನೀರು ಒಳಹೊಕ್ಕರಲ್ಲವೆ ಕಲ್ಲು ಒಳಗಿನಿಂದ ಸವೆಯುವುದು? ನಾನು ಹೊಲದಿಂದ ಆಯ್ದುತಂದ ಕರಿಕಲ್ಲನ್ನು ಶೂನ್ಯದಲ್ಲಿಟ್ಟು ನೀರು ಕುಡಿಸಿದಾಗ ಅದು ಕುಡಿದದ್ದು ನನ್ನ ತಕ್ಕಡಿಗೆ ಕಷ್ಟದಿಂದ ಕಾಣುವಷ್ಟು. ನೈಸ್ ಅದಕ್ಕಿಂತ ಸ್ವಲ್ಪ ಧಾರಾಳಿಯಾಗಿದ್ದರೂ ಶೇಕಡಾ ಒಂದರ ಗೆರೆಯನ್ನು ದಾಟಲಿಲ್ಲ.

ನನ್ನ ಈ ಉದ್ಯೋಗದ ಸುದ್ದಿ ಸೋದರಮಾವನವರ ಕಿವಿಗೂ ಬಿದ್ದಿತ್ತು. ಒಂದು ಸಂಜೆ ತೋಟದ ಬದುವಿನ ಮೇಲೆ ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತ ಅವರು ಕೇಳಿದರು:

“ಅಲ್ಲಯ್ಯಾ ಅಳಿಯ, ಮಿಷನ್ನಿನಾಗೆ ಇಟ್ಟು ಕಲ್ಲನ್ನ ಹಿಂಡ್ತೀಯಂತಲ್ಲ, ಒಂದು ಬಿಂದಿಗೆ ನೀರಾದರೂ ಬರ್ತದೇನಪ್ಪಾ ಅದರಾಗೆ?”

“ಒಂದು ಮೀಟರು ಉದ್ದ, ಅಗಲ, ಎತ್ತರದ ಬಂಡೆ ಆದರೆ ಅರ್ಧ ಬಿಂದಿಗೆ ಇರ್ತದೆ ಮಾವ. ಆದರೆ ಅದು ಹೊರಗೆ ಬರಾಕಿಲ್ಲ,” ಎಂದೆನು.

“ಇದ್ದೂ ಬರಾಕಿಲ್ಲ ಅಂದರೆ ನಮ್ಮ ಶಾನುಭೋಗರ ಹಂಗೆ ಅನ್ನು,” ಎಂದು ಅವರು ನಕ್ಕರು.

ನಾನು ಹೇಳಿದ್ದು ತಮಾಷೆಗಲ್ಲ. ಎರಡೂವರೆ ಟನ್ನಿಗೂ ಮಿಕ್ಕ ತೂಕದ ಅಂಥ ಬಂಡೆಯಲ್ಲಿ ಶೇಕಡಾ ಅರ್ಧದ ಸರಂಧ್ರತೆಯ ಲೆಕ್ಕಕ್ಕೆ 5 ಲೀಟರು ನೀರು ಹಿಡಿಸುತ್ತದೆ; ಆದರೆ ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲು ಅಗಲದ ಸಂದಿಯೊಂದರಿಂದ ನೀರನ್ನು ಹೊರದೂಡಿ ಗಾಳಿ ಒಳಬರಬೇಕಾದರೆ ಸುಮಾರು 14 ಬಾರ್ ಒತ್ತಡ ಬೇಕು. ಇನ್ನು ಹರಿಯುವ ಮಾತು. ಒಂದು ಡಾರ್ಸಿಯ ಮರಳಿನಲ್ಲಿ ನೀರು ನೇರ ಕೆಳಗಿಳಿದರೆ ದಿನಕ್ಕೆ 80 ಸೆಂಟಿಮೀಟರಿಗೂ ಹೆಚ್ಚಿನ ನೀರು ಹಾಯುತ್ತದೆ. ನಮ್ಮ ತಲಪರಿಗೆಗಳು ಬದುಕಿದ್ದದ್ದು ಈ ಔದಾರ್ಯದಿಂದ. ಬ್ರೇಸನ ಗ್ರಾನೈಟಿನಲ್ಲಿ, 350 ನ್ಯಾನೋಡಾರ್ಸಿಯ ಲೆಕ್ಕಕ್ಕೆ, ವರ್ಷವೊಂದಕ್ಕೆ ಹಾಯುವುದು ಮಿಲಿಮೀಟರಿನ ಹತ್ತನೆಯ ಒಂದು ಪಾಲು. ಒಂದು ನ್ಯಾನೋಡಾರ್ಸಿಯ ಕಲ್ಲಾದರೆ, ನೊಳಂಬರು ಹೆಂಜೇರಿನಲ್ಲಿ ಆಳಿದಂದಿನಿಂದ ಇಂದಿನವರೆಗೆ, ಸಾವಿರ ವರ್ಷಗಳ ಎಲ್ಲ ಮಳೆಗಾಲಗಳೂ ಕೂಡಿ, ಒಂದು ಮಿಲಿಮೀಟರಿನ ಮೂರನೆಯ ಒಂದು ಪಾಲಿನಷ್ಟು ನೀರು ಅದನ್ನು ಹಾಯ್ದೀತು.

ಹಾಗಾದರೆ ನಮ್ಮ ಬಾವಿಗಳಿಗೆ ನೀರು ಎಲ್ಲಿಂದ ಬಂದಿತು? ಒಂದು, ಬಂಡೆಯ ಸೀಳುಗಳಿಂದ. ಸಮತಟ್ಟಾದ ಎರಡು ಮುಖಗಳ ನಡುವೆ ಮಿಲಿಮೀಟರಿನ ಹತ್ತನೆಯ ಒಂದು ಪಾಲು ಅಗಲದ ಬಿರುಕಿದ್ದರೆ ಆ ಬಿರುಕಿನ ಒಳದಾರಿಯ ಪಾರಗಮ್ಯತೆ 800 ಡಾರ್ಸಿಗೂ ಹೆಚ್ಚು. ಅಗಲ ಎರಡರಷ್ಟಾದರೆ ಹಾಯುವ ನೀರು ಎಂಟರಷ್ಟು. ಎರಡು, ಗರಸು ಮತ್ತು ಕೊಳೆತ ಕಲ್ಲಿನ ಪದರಗಳಿಂದ. ಮಳೆಯನ್ನು ಹೀರಿ ಹಿಡಿದಿಟ್ಟು ಕೆಳಗಿನ ಸೀಳುಗಳಿಗೆ ತುಸುತುಸುವಾಗಿ ಉಣಿಸುವ ಸಂಚಯ ಅದೇ. ಇಲ್ಲಿಯೇ ನಮ್ಮ ಪ್ರಯೋಗಶಾಲೆಯ ದೊಡ್ಡ ವಿಪರ್ಯಾಸವಿದ್ದದ್ದು. ನೀರಿರುವ ಆ ಕೊಳೆತ ಕಲ್ಲನ್ನು ವಜ್ರದ ಕೊಳವೆ ಮುಟ್ಟಿದೊಡನೆಯೇ ಅದು ಪುಡಿಯಾಗಿ ತೊಳೆದುಹೋಗುತ್ತಿದ್ದಿತು. ಸೀಳಿರುವ ಬಂಡೆ ಕೊರೆಯುವಾಗ ಸೀಳಿನಲ್ಲೇ ಎರಡಾಗುತ್ತಿದ್ದಿತು, ಎರಡಾದ ತುಂಡನ್ನು ಕೆಟ್ಟ ಮಾದರಿಯೆಂದು ಬುಟ್ಟಿಗೆ ಎಸೆಯುತ್ತಿದ್ದೆವು. ನೀರಿಲ್ಲದ ಕಲ್ಲು ಮಾತ್ರವೇ ನಮ್ಮ ಯಂತ್ರದವರೆಗೆ ಇಡಿಯಾಗಿ ಬಂದು, ನಮ್ಮ ತಖ್ತೆಗಳಲ್ಲಿ ಸ್ಥಾನ ಪಡೆಯುತ್ತಿದ್ದಿತು. ಬೆಟ್ಟದಷ್ಟು ಬಂಡೆಯ ಪಾರಗಮ್ಯತೆಯನ್ನು ಬಾವಿಯಲ್ಲಿ ನೀರೆತ್ತಿ ನೋಡಿ ಕಂಡುಹಿಡಿದರೆ ಅದು ಗುಂಡುತುಂಡಿನ ಬೆಲೆಗಿಂತ ಸಾವಿರಪಟ್ಟು ಹೆಚ್ಚಾಗಿ ಬರುವುದು ಆಶ್ಚರ್ಯವಲ್ಲ. ಎಪ್ಪತ್ತರ ದಶಕದಲ್ಲಿ ಕೇಂದ್ರ ಅಂತರ್ಜಲ ಮಂಡಲಿಯವರು ವೇದಾವತಿಯ ಕೊಳ್ಳದಲ್ಲಿ ಕೈಗೊಂಡಂಥ ಕ್ಷೇತ್ರಕಾರ್ಯಗಳ ಬೆಲೆ ನನಗೆ ಮನದಟ್ಟಾದದ್ದು ಆ ಬುಟ್ಟಿಯ ಚೂರುಗಳನ್ನು ನೋಡಿದ ಮೇಲೆ.

ಇಷ್ಟರಿಂದ ಪ್ರಯೋಗಶಾಲೆಯ ಅಳತೆ ವ್ಯರ್ಥವೆಂದು ಕೆಲವರು ವಾದಿಸುವುದನ್ನು ಕೇಳಿದ್ದೇನೆ. ನನಗೆ ಹಾಗೆ ತೋರುವುದಿಲ್ಲ. ನೀರು ಎಲ್ಲಿದೆಯೆಂಬುದನ್ನು ಆ ಅಂಕಿ ಹೇಳಲಾರದು. ಎಲ್ಲಿ ಇಲ್ಲವೆಂಬುದನ್ನು ಅಷ್ಟು ಖಚಿತವಾಗಿ ಹೇಳಬಲ್ಲದ್ದು ಬೇರೊಂದಿಲ್ಲ. ಗಟ್ಟಿಕಲ್ಲನ್ನು ಗಾಳಿಯ ಒತ್ತಡದಿಂದ ಕೊರೆಯುವ ಯಂತ್ರಗಳು ಅರವತ್ತರ ದಶಕದ ಕೊನೆಯ ಬರಗಾಲದಿಂದೀಚೆಗೆ ನಮ್ಮ ದೇಶದಲ್ಲಿ ಹಬ್ಬಿ, ಕುಡಿಯುವ ನೀರಿಗೆ ಮಹೋಪಕಾರವನ್ನು ಮಾಡಿದವೆಂಬುದು ನಿಜ. ಆದರೆ ಅವೇ ಯಂತ್ರಗಳು ತೋಟಗಳಿಗೆ ಬಂದವು. ತೆರೆದ ಬಾವಿಗಳು ಬತ್ತಿದವು, ಕಪಿಲೆಗಳು ಸೌದೆಯಾದವು, ತಲಪರಿಗೆಗಳ ಮೇಲೆ ಜಾಲಿ ಬೆಳೆಯಿತು. ಇನ್ನೂರು ಅಡಿ ಸಾಲದೆಂದು ನಾನೂರು, ನಾನೂರು ಸಾಲದೆಂದು ಎಂಟುನೂರು, ಸಾವಿರ. ಸಾವಿರ ಅಡಿಯ ಆಳದಲ್ಲಿ ಮೇಲಿನ ಬಂಡೆಯ ಭಾರ ಸುಮಾರು 80 ಬಾರ್. ಒತ್ತಡಕ್ಕೆ ಬಿರುಕು ಮುಚ್ಚಿಕೊಳ್ಳುವುದೆಂದು ಹಿಂದೆ ಹೇಳಿದೆನಲ್ಲ, ಆ ಮಾತು ಇಲ್ಲಿ ಬೇಕಾಗುತ್ತದೆ. ಎಲ್ಲೋ ಒಂದು ಕಡೆ ದೊಡ್ಡ ಸೀಳು ಅಷ್ಟು ಆಳದಲ್ಲಿಯೂ ತೆರೆದಿದ್ದು ನೀರು ಚಿಮ್ಮುವುದುಂಟು, ಆ ಒಂದು ಬಾವಿಯ ಸುದ್ದಿ ಹತ್ತೂರು ಸುತ್ತಿ ನೂರು ಒಣಬಾವಿಗಳಿಗೆ ಸಾಲ ಎತ್ತಿಸುವುದೂ ಉಂಟು. 1999ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಭಾರತ-ಫ್ರಾನ್ಸ್ ಅಂತರ್ಜಲ ಸಂಶೋಧನ ಕೇಂದ್ರದವರು ಮಹೇಶ್ವರದ ಗ್ರಾನೈಟು ನೆಲದಲ್ಲಿ ವರ್ಷಗಟ್ಟಲೆ ಅಳೆದು ಕಂಡದ್ದು, ನೀರಿರುವ ಬಿರುಕುಗಳು ಬಹುಮಟ್ಟಿಗೆ ಕೊಳೆತ ಕಲ್ಲಿನ ಪದರದ ಕೆಳಗೇ, ಕೆಲವು ಹತ್ತು ಮೀಟರುಗಳೊಳಗೆ, ಇರುವವೆಂಬುದು. ನಮ್ಮ ಒಡ್ಡರ ಮೇಸ್ತ್ರಿ ಕೈತೊಳೆದುಕೊಳ್ಳುತ್ತಿದ್ದ ಜಾಗದಿಂದ ಅದು ಬಹಳ ದೂರವೇನೂ ಅಲ್ಲ.

ಸೋದರಮಾವನವರು ತಮ್ಮ ಕೊನೆಗಾಲದಲ್ಲಿ ಕೊರೆಸಿದ ಕೊಳವೆ ಬಾವಿಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಕೇಳಿದ್ದುಂಟು, ಕೇಳಿ ಮನ್ನಿಸಿದ್ದೂ ಉಂಟು, ಮನ್ನಿಸದೆ ಕೊರೆಸಿದ್ದೂ ಉಂಟು. ಒಣಗುವ ಅಡಿಕೆಯ ಮರಗಳ ನಡುವೆ ನಿಂತವರಿಗೆ ನ್ಯಾನೋಡಾರ್ಸಿಯ ಲೆಕ್ಕ ಹಿಡಿಸುವುದು ಕಷ್ಟವೆಂಬುದನ್ನು ನಾನು ಬಲ್ಲೆನಾದುದರಿಂದ ಅವರನ್ನು ಆಕ್ಷೇಪಿಸಲಾರೆ. ಆದರೆ ಈಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ನಮ್ಮ ಸೀಮೆಯಲ್ಲಿ ಇನ್ನೂ ಕೊರೆಸುತ್ತಿರುವ ಕಿರಿಯರಿಗೆ ಒಂದು ಮಾತು ಹೇಳುವ ಹಕ್ಕು ವಯಸ್ಸಿನಿಂದ ನನಗೆ ಬಂದಿದೆಯೆಂದು ಭಾವಿಸುತ್ತೇನೆ. ಕೊರೆಯುವ ಕೊಳವೆಯಿಂದ ತೇವವಿಲ್ಲದ ಬಿಳಿಯ ಪುಡಿ ಏಳತೊಡಗಿ, ಮುನ್ನೂರು ಅಡಿಯವರೆಗೂ ಸೀಳೊಂದು ಸಿಕ್ಕದಿದ್ದಲ್ಲಿ, ಯಂತ್ರವನ್ನು ನಿಲ್ಲಿಸಿರಿ. ಅದರ ಕೆಳಗಿನ ಅಡಿಯೊಂದೊಂದಕ್ಕೆ ತೆರುವ ಹಣವನ್ನು ಊರ ಕೆರೆಯ ಹೂಳು ತೆಗೆಯುವುದಕ್ಕೆ ಕೊಡಿರಿ. ಕೆರೆಯ ಕೆಳಗಿನ ಗರಸು ಹಿಡಿದಿಟ್ಟುಕೊಳ್ಳುವ ನೀರನ್ನು ಆ ಬಂಡೆ ಯಾವ ಕಾಲಕ್ಕೂ ಕೊಡಲಾರದು.